ನಾಲ್ಕೇ ದಿನದಲ್ಲಿ ಪೊರೆ ಬಿಡುವ ಚರ್ಮ

ಶಿಡ್ಲಘಟ್ಟ, ಚಿಂತಾಮಣಿ ಕಡೆಯ ರೇಷ್ಮೆ ಬೆಳೆಗಾರರ ಮನೆಯ ಮಕ್ಕಳಿಗೆ ‘ಜ್ವರ’ ಎಂಬ ಮಾತಿಗೆ ಎರಡು ಅರ್ಥ ಗೊತ್ತು. ಒಂದು, ಮೈ ಬಿಸಿಯಾಗುವ ಜ್ವರ. ಇನ್ನೊಂದು, ಹುಳುವಿನ ಜ್ವರ. ಬಿಡುವಿಲ್ಲದೆ ಸೊಪ್ಪು ತಿನ್ನುತ್ತಿದ್ದ ಹುಳು ಒಮ್ಮೆಗೇ ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿ, ಒಂದು ದಿನದಷ್ಟು ಹೊತ್ತು ಅಲುಗದೆ ಕೂರುತ್ತದೆ. ಆಮೇಲೆ ಹಳೆಯ ಪೊರೆ ಕಳಚಿ ಹೊಸ ಮೈಯೊಂದಿಗೆ ಹೊರಬಂದು ಮತ್ತೆ ಸೊಪ್ಪಿಗೆ ಬಾಯಿ ಹಾಕುತ್ತದೆ. ಮೊಟ್ಟೆಯೊಡೆದ ದಿನದಿಂದ ಹಣ್ಣಾಗುವವರೆಗಿನ ಸುಮಾರು 25 ದಿನಗಳಲ್ಲಿ ಹುಳುವಿಗೆ ಇಂಥ ನಾಲ್ಕು ಜ್ವರಗಳು. ಲೆಕ್ಕ ತಪ್ಪುವುದಿಲ್ಲ. ತಪ್ಪಿದರೆ ಬೆಳೆ ಕೈಗೆ ಹತ್ತುವುದಿಲ್ಲ.

ಮನುಷ್ಯನೂ ಪೊರೆ ಬಿಡುತ್ತಾನೆ ಎಂದರೆ ನಗಬೇಡಿ. ನಾವು ಹುಳುವಿನಂತೆ, ಹಾವಿನಂತೆ ಒಮ್ಮೆಗೇ ಪೊರೆ ಕಳಚುವುದಿಲ್ಲ, ಅಷ್ಟೆ. ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳಾಗಿ ದಿನವೂ ಉದುರಿಸುತ್ತೇವೆ. ಸ್ನಾನದ ಹೊತ್ತಿನಲ್ಲಿ ಮೈ ಉಜ್ಜಿದಾಗ ಬರುವ ಕೊಳೆಯಲ್ಲಿ ಬರಿಯ ಧೂಳಲ್ಲ, ಸತ್ತ ಚರ್ಮವೂ ಇರುತ್ತದೆ. ಚರ್ಮದ ಹೊರಪದರದ ತಳದಲ್ಲಿ ಹುಟ್ಟಿದ ಜೀವಕೋಶ ಮೇಲಕ್ಕೇರಿ ಉದುರಿಹೋಗಲು ಸುಮಾರು ನಾಲ್ಕು ವಾರ ಬೇಕು. ಈ ನಾಲ್ಕು ವಾರಗಳ ಪಯಣ ನಾಲ್ಕೈದು ದಿನಗಳಿಗೆ ಇಳಿದರೆ ಏನಾಗುತ್ತದೆ? ಮೊಣಕೈ, ಮೊಣಕಾಲು, ತಲೆ, ಬೆನ್ನಿನ ಮೇಲೆ ಕೆಂಪಾದ ದಪ್ಪ ಮಚ್ಚೆಗಳೆದ್ದು, ಅವುಗಳ ಮೇಲೆ ಬೆಳ್ಳಿಯಂತೆ ಹೊಳೆಯುವ ಹುರುಪೆ ಕೂರುತ್ತದೆ. ಕೆರೆದರೆ ಪುಡಿಪುಡಿಯಾಗಿ ಉದುರುತ್ತದೆ. ಇದೇ ಸೋರಿಯಾಸಿಸ್.

ಹಳ್ಳಿಗಳಲ್ಲಿ ಇದನ್ನೂ ಇಸುಬು, ಹುಳುಕಡ್ಡಿಗಳ ಸಾಲಿಗೇ ಸೇರಿಸುವುದುಂಟು. ಆದರೆ ಇದಕ್ಕೆ ಹುಳುವೂ ಕಾರಣವಲ್ಲ, ಶಿಲೀಂಧ್ರವೂ ಕಾರಣವಲ್ಲ, ಕೊಳಕಂತೂ ಅಲ್ಲವೇ ಅಲ್ಲ. ಇದು ಮೈಯೊಳಗಿನ ಪ್ರೋಟೀನುಗಳ ಲೆಕ್ಕ ತಪ್ಪಿದ ಕತೆ. ನಮ್ಮ ದೇಶದ ಬೇರೆ ಬೇರೆ ಅಧ್ಯಯನಗಳು ನೂರು ಜನರಲ್ಲಿ ಅರ್ಧದಿಂದ ಮೂವರವರೆಗೆ ಈ ತೊಂದರೆಯಿದೆ ಎನ್ನುತ್ತವೆ. ಎಂದರೆ ದೊಡ್ಡದೊಂದು ಶಾಲೆಯಲ್ಲಿ ಒಂದೆರಡು ಮಕ್ಕಳಿಗಾದರೂ ಇದು ಇರಬಹುದು, ಇಲ್ಲವೇ ಮುಂದೆ ಬರಬಹುದು.

ಗೂಡಿನ ನೂಲು, ಚರ್ಮದ ನೂಲು

ಶಿಡ್ಲಘಟ್ಟದ ರೀಲರುಗಳು ಗೂಡನ್ನು ಬಿಸಿನೀರಿನಲ್ಲಿ ಬೇಯಿಸುವುದೇಕೆ? ಗೂಡಿನ ಎಳೆಯ ತಿರುಳು ಫೈಬ್ರಾಯಿನ್ ಎಂಬ ಪ್ರೋಟೀನು. ಎಳೆಗೆ ಎಳೆಯನ್ನು ಅಂಟಿಸಿರುವ ಗೋಂದು ಸೆರಿಸಿನ್, ಅದೂ ಪ್ರೋಟೀನೇ. ಬಿಸಿನೀರಿಗೆ ಗೋಂದು ಮೆತ್ತಗಾಗುತ್ತದೆ, ತಿರುಳು ಜಗ್ಗುವುದಿಲ್ಲ. ಆದ್ದರಿಂದಲೇ ನೂಲು ತುಂಡಾಗದೆ ಬಿಚ್ಚಿಕೊಳ್ಳುತ್ತದೆ. ಪ್ರೋಟೀನು ಎಂದರೆ ಬೇಳೆ, ಮೊಟ್ಟೆಗಳಲ್ಲಿರುವ ಒಂದು ಪದಾರ್ಥ ಎಂದಷ್ಟೇ ತಿಳಿದವರು ಇಲ್ಲಿ ಗಮನಿಸಬೇಕಾದ ಸಂಗತಿಯಿದೆ. ಪ್ರೋಟೀನುಗಳಲ್ಲಿ ಸಾವಿರಾರು ಬಗೆ. ಒಂದೊಂದಕ್ಕೂ ಒಂದೊಂದು ಆಕಾರ, ಒಂದೊಂದು ಕೆಲಸ.

ಚರ್ಮದಲ್ಲೂ ಹಾಗೆಯೇ. ಒಳಚರ್ಮಕ್ಕೆ ಬಿಗಿ ಕೊಡುವುದು ಕೊಲಾಜೆನ್ ಎಂಬ ಪ್ರೋಟೀನು. ಮೂರು ಎಳೆಗಳನ್ನು ಹೊಸೆದ ಹುರಿಯಂತಿರುವ ಅದರ ರಚನೆಯನ್ನು 1950ರ ದಶಕದಲ್ಲಿ ಮದ್ರಾಸಿನಲ್ಲಿ ತೋರಿಸಿಕೊಟ್ಟವರು ಜಿ.ಎನ್. ರಾಮಚಂದ್ರನ್. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವ ಭೌತವಿಜ್ಞಾನದ ವಿಭಾಗವನ್ನು ಕಟ್ಟಿದವರೂ ಅವರೇ.

ಹೊರಚರ್ಮದ ಮುಖ್ಯ ಪ್ರೋಟೀನು ಕೆರಟಿನ್. ಕೂದಲು, ಉಗುರು, ದನದ ಕೊಂಬು, ಕುರಿಯ ಉಣ್ಣೆ ಎಲ್ಲವೂ ಇದರಿಂದ ಆದವು. ಹೊರಚರ್ಮದ ಹತ್ತು ಜೀವಕೋಶಗಳಲ್ಲಿ ಒಂಬತ್ತು ಕೆರಟಿನ್ ತಯಾರಿಸುವ ಕೋಶಗಳು. ಅವುಗಳ ಹೆಸರೂ ಕೆರಟಿನೊಸೈಟ್ ಎಂದೇ. ಮನುಷ್ಯನಲ್ಲಿ ಕೆರಟಿನ್‌ಗೆ ಸಂಬಂಧಿಸಿದ 54 ಜೀನುಗಳಿವೆ. ಆದ್ದರಿಂದ ವಿಜ್ಞಾನಿಗಳು ಈ ಪ್ರೋಟೀನುಗಳಿಗೆ ಬಸ್ಸುಗಳಿಗೆ ಕೊಟ್ಟಂತೆ ನಂಬರು ಕೊಟ್ಟಿದ್ದಾರೆ. ತಳದ ಸಾಲಿನಲ್ಲಿರುವಾಗ ಕೋಶ 5 ಮತ್ತು 14ನೇ ನಂಬರಿನ ಕೆರಟಿನ್ ತಯಾರಿಸುತ್ತದೆ. ತಳ ಬಿಟ್ಟು ಮೇಲಿನ ಸಾಲಿಗೆ ಏರಿದ ಕೂಡಲೇ ಅವುಗಳ ತಯಾರಿಕೆ ನಿಲ್ಲಿಸಿ 1 ಮತ್ತು 10ನೇ ನಂಬರಿನದಕ್ಕೆ ಕೈ ಹಾಕುತ್ತದೆ. ಇನ್ನೂ ಮೇಲೇರಿದಾಗ ಫಿಲಾಗ್ರಿನ್, ಲೋರಿಕ್ರಿನ್, ಇನ್ವೊಲುಕ್ರಿನ್ ಎಂಬ ಪ್ರೋಟೀನುಗಳ ಸರದಿ. ಫಿಲಾಗ್ರಿನ್ ಕೆರಟಿನ್ ಎಳೆಗಳನ್ನು ಒತ್ತಾಗಿ ಕಟ್ಟುತ್ತದೆ. ಆಮೇಲೆ ತಾನೇ ಒಡೆದು ಚರ್ಮದ ಪಸೆ ಉಳಿಸುವ ಪದಾರ್ಥವಾಗುತ್ತದೆ. ಉಳಿದೆರಡು ಸೇರಿ ಕೋಶದ ಸುತ್ತ ಗಟ್ಟಿ ಕವಚ ಹೆಣೆಯುತ್ತವೆ. ಕಡೆಯಲ್ಲಿ ಕೋಶ ತನ್ನ ಕೇಂದ್ರವನ್ನೇ ಕರಗಿಸಿಕೊಂಡು ಸತ್ತು, ಚಪ್ಪಟೆಯಾದ ಹಂಚಿನಂತೆ ಮೇಲ್ಮೈಯಲ್ಲಿ ಕೂರುತ್ತದೆ. ನೀರು ಒಳಗಿಳಿಯದಂತೆ, ಪಸೆ ಹೊರಹೋಗದಂತೆ ನಮ್ಮನ್ನು ಕಾಯುವುದು ಈ ಸತ್ತ ಹಂಚುಗಳ ಮಾಡು.

ಮಾಯದ ಗಾಯ

ಸೋರಿಯಾಸಿಸ್ ಆದ ಜಾಗದಲ್ಲಿ ಈ ಸರದಿಯೆಲ್ಲ ಕಲಸಿಹೋಗುತ್ತದೆ. 1 ಮತ್ತು 10ನೇ ನಂಬರಿನ ಕೆರಟಿನ್ ಕಡಿಮೆಯಾಗುತ್ತದೆ. ಆ ಜಾಗದಲ್ಲಿ 6, 16 ಮತ್ತು 17ನೇ ನಂಬರಿನವು ಹೇರಳವಾಗಿ ಕಾಣಿಸಿಕೊಳ್ಳುತ್ತವೆ. ಮೊಣಕೈ, ಬೆನ್ನಿನಂಥ ಕಡೆಯ ಚರ್ಮದಲ್ಲಿ ಇವು ಸಾಮಾನ್ಯವಾಗಿ ಯಾವಾಗ ಬರುತ್ತವೆ ಗೊತ್ತೇ? ಗಾಯವಾದಾಗ. ಕುಡುಗೋಲು ತಾಗಿ ಬೆರಳು ಕುಯ್ದರೆ ಗಾಯದ ಅಂಚಿನ ಕೋಶಗಳು ಅವಸರದಲ್ಲಿ ಹೆಚ್ಚಿ, ಜರುಗಿ, ಬಿರುಕು ಮುಚ್ಚಬೇಕು. ಆ ತುರ್ತು ಕೆಲಸದ ಪ್ರೋಟೀನುಗಳಿವು. ಗಾಯ ಮಾದ ಮೇಲೆ ತಾವಾಗಿಯೇ ಹಿಂದೆ ಸರಿಯುತ್ತವೆ. ಸೋರಿಯಾಸಿಸ್ ಇರುವ ಚರ್ಮ ಮಾತ್ರ ಇಲ್ಲದ ಗಾಯವನ್ನು ಮುಚ್ಚಲು ಹಗಲಿರುಳು ದುಡಿಯುತ್ತಲೇ ಇರುತ್ತದೆ.

ಅವಸರದ ಕೆಲಸಕ್ಕೆ ಅಂದವಿರುವುದಿಲ್ಲ ತಾನೇ? ಇನ್ವೊಲುಕ್ರಿನ್ ಬರಬೇಕಾದ್ದಕ್ಕಿಂತ ಮುಂಚೆಯೇ ಬಂದುಬಿಡುತ್ತದೆ. ಲೋರಿಕ್ರಿನ್, ಫಿಲಾಗ್ರಿನ್ ಸಾಲದೆ ಹೋಗುತ್ತವೆ. ಕೋಶಗಳು ತಮ್ಮ ಕೇಂದ್ರವನ್ನು ಕರಗಿಸಿಕೊಳ್ಳುವಷ್ಟೂ ಪುರಸತ್ತಿಲ್ಲದೆ ಅರೆಬೆಂದ ಇಟ್ಟಿಗೆಗಳಂತೆ ಮೇಲೆ ಬಂದು ರಾಶಿ ಬೀಳುತ್ತವೆ. ಬೆಳ್ಳಿ ಬಣ್ಣದ ಹುರುಪೆ ಎಂದರೆ ಈ ರಾಶಿಯೇ. ಹೆಂಚು ಸರಿಯಾಗಿ ಕೂರದ ಮಾಡಿನಂತೆ ಇಂಥ ಚರ್ಮ ಪಸೆ ಹಿಡಿದಿಡಲಾರದೆ ಒಣಗುತ್ತದೆ, ಬಿರಿಯುತ್ತದೆ. ನಂದಿಬೆಟ್ಟದ ತಪ್ಪಲಿನ ಚಿಕ್ಕಬಳ್ಳಾಪುರದಲ್ಲಿ ಡಿಸೆಂಬರ್, ಜನವರಿಯ ಒಣ ಚಳಿಗೆ ಹಲವರ ತೊಂದರೆ ಹೆಚ್ಚುವುದಕ್ಕೆ ಇದೂ ಒಂದು ಕಾರಣ.

ಹುರುಪೆಯಲ್ಲಿ ಸಿಕ್ಕಿದ ನಿಧಿ

ಈ ಬದಲಾವಣೆಗಳನ್ನು ಕಂಡುಹಿಡಿದದ್ದು ಹೇಗೆ? ಚರ್ಮದ ಚೂರಿನಿಂದ ಪ್ರೋಟೀನುಗಳನ್ನು ಹೊರತೆಗೆದು, ಲೋಳೆಯಂಥ ಹಾಳೆಯ ಮೇಲೆ ವಿದ್ಯುತ್ ಹಾಯಿಸಿ, ಮೊದಲು ವಿದ್ಯುದಂಶದ ಪ್ರಕಾರ, ಆಮೇಲೆ ಗಾತ್ರದ ಪ್ರಕಾರ ಬೇರ್ಪಡಿಸುತ್ತಾರೆ. ಹಾಳೆಯ ಮೇಲೆ ನೂರಾರು ಚುಕ್ಕೆಗಳು ಮೂಡುತ್ತವೆ, ಒಂದೊಂದು ಚುಕ್ಕೆ ಒಂದೊಂದು ಪ್ರೋಟೀನು. ಆರೋಗ್ಯವಂತರ ಚರ್ಮದ ಹಾಳೆಯನ್ನೂ ರೋಗಿಯ ಚರ್ಮದ ಹಾಳೆಯನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಯಾವ ಚುಕ್ಕೆ ದಪ್ಪಗಾಯಿತು, ಯಾವುದು ಮಾಸಿತು ಎಂಬುದು ತಿಳಿಯುತ್ತದೆ. ಡೆನ್ಮಾರ್ಕಿನ ಆರ್ಹುಸ್ ನಗರದ ವಿಜ್ಞಾನಿಗಳು ಈ ದಾರಿಯಲ್ಲಿ ಹೊರಟು 1991ರಲ್ಲಿ ಹೊಸದೊಂದು ಪ್ರೋಟೀನನ್ನು ವರದಿ ಮಾಡಿದರು. ಸೋರಿಯಾಸಿಸ್ ಚರ್ಮದಲ್ಲಿ ಅದು ವಿಪರೀತ ಹೆಚ್ಚಾಗಿತ್ತು. ಅದಕ್ಕೆ ಸೋರಿಯಾಸಿನ್ ಎಂದೇ ಹೆಸರಿಟ್ಟರು.

1997ರಲ್ಲಿ ಜರ್ಮನಿಯ ಕೀಲ್ ನಗರದ ಸಂಶೋಧಕರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಸೋರಿಯಾಸಿಸ್ ಮಚ್ಚೆ ಎಷ್ಟೇ ಬಿರಿದಿದ್ದರೂ ಅದರಲ್ಲಿ ಕೀವಾಗಿ ನಂಜೇರುವುದು ಅಪರೂಪ. ಏಕೆ? ರೋಗಿಗಳಿಂದ ಉದುರಿದ, ಯಾರೂ ಕಸವೆಂದು ಗುಡಿಸಿ ಎಸೆಯುವ ಹುರುಪೆಯನ್ನೇ ಅವರು ಸಂಗ್ರಹಿಸಿ ಸೋಸಿದರು. ಅದರಲ್ಲಿ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಸಣ್ಣ ಪ್ರೋಟೀನೊಂದು ಸಿಕ್ಕಿತು. ಅದು ಬೀಟಾ ಡಿಫೆನ್ಸಿನ್-2. ಸೋರಿಯಾಸಿನ್ ಕೂಡ ಸುಮ್ಮನೆ ಕೂರುವ ಪ್ರೋಟೀನಲ್ಲ, ಕರುಳಿನ ಬ್ಯಾಕ್ಟೀರಿಯಾವಾದ ಇ. ಕೋಲಿಯನ್ನು ಅದು ಕೊಲ್ಲುತ್ತದೆ ಎಂಬುದು 2005ರಲ್ಲಿ ಗೊತ್ತಾಯಿತು. ನಮ್ಮೆಲ್ಲರ ಚರ್ಮವೂ ಈ ಕಾವಲುಗಾರರನ್ನು ಅಷ್ಟಿಷ್ಟು ಇಟ್ಟುಕೊಂಡಿದೆ. ಸೋರಿಯಾಸಿಸ್‌ನಲ್ಲಿ ಕಾವಲಿನವರ ದಂಡೇ ನೆರೆದಿರುತ್ತದೆ. ಶತ್ರು ಮಾತ್ರ ಬಂದಿರುವುದಿಲ್ಲ.

ಪ್ರೋಟೀನುಗಳ ಈ ಗಣತಿಗೆ ಕರ್ನಾಟಕದ ಕೊಡುಗೆಯೂ ಸೇರಿದೆ. 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಮಾನವ ಪ್ರೋಟೀನುಗಳ ಕರಡು ನಕ್ಷೆಯೊಂದು ಪ್ರಕಟವಾಯಿತು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರೂ ಬೆಂಗಳೂರಿನ ಜೈವಿಕ ಮಾಹಿತಿ ಸಂಸ್ಥೆ, ಎಂದರೆ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್‌ನವರೂ ಕೂಡಿ ಮಾಡಿದ ಕೆಲಸವದು. ದೇಹದ 30 ಬಗೆಯ ಆರೋಗ್ಯವಂತ ಮಾದರಿಗಳನ್ನು ಜಾಲಾಡಿ 17,294 ಜೀನುಗಳ ಪ್ರೋಟೀನುಗಳನ್ನು ಅವರು ಗುರುತಿಸಿದ್ದರು. ಆರೋಗ್ಯದ ಲೆಕ್ಕ ಮೊದಲು ಗೊತ್ತಿದ್ದರೆ ತಾನೇ ರೋಗದಲ್ಲಿ ತಪ್ಪಿದ ಲೆಕ್ಕ ಹಿಡಿಯಲು ಸಾಧ್ಯ?

ಸುಳ್ಳು ಸುದ್ದಿ ಹಬ್ಬಿಸುವವರು ಯಾರು?

ಇಲ್ಲದ ಗಾಯದ ಸುದ್ದಿಯನ್ನು ಚರ್ಮದ ಕೋಶಗಳಿಗೆ ಮುಟ್ಟಿಸುವವರು ಯಾರು? ಬಹುಕಾಲ ದೋಷವೆಲ್ಲ ಚರ್ಮದ್ದೇ ಎಂದು ವೈದ್ಯರು ನಂಬಿದ್ದರು. 1979ರಲ್ಲಿ ಸೈಕ್ಲೊಸ್ಪೋರಿನ್ ಎಂಬ ಔಷಧವನ್ನು ಕೀಲುನೋವಿನ ರೋಗಿಗಳಿಗೆ ಕೊಟ್ಟಾಗ ಕೆಲವರ ಸೋರಿಯಾಸಿಸ್ ಮಚ್ಚೆಗಳೂ ಮಾಯವಾದವು. ಆ ಔಷಧ ತಡೆಯುವುದು ಟಿ-ಕೋಶಗಳೆಂಬ ಬಿಳಿ ರಕ್ತಕಣಗಳನ್ನು. ಅಲ್ಲಿಂದ ಗಮನ ರೋಗನಿರೋಧಕ ವ್ಯವಸ್ಥೆಯ ಕಡೆ ತಿರುಗಿತು.

ಈಗ ತಿಳಿದಿರುವ ಕತೆ ಹೀಗಿದೆ. ತರಚು ಗಾಯ, ಗಂಟಲ ಸೋಂಕು, ಕೆಲವು ಮಾತ್ರೆ, ತೀವ್ರ ಚಿಂತೆ ಇಂಥ ಯಾವುದೋ ಒಂದು ನೆಪದಿಂದ ಚರ್ಮದ ಕಾವಲು ಕೋಶಗಳು ಕೆರಳುತ್ತವೆ. ಅವು ಇಂಟರ್‌ಲ್ಯೂಕಿನ್-23 ಎಂಬ ಸಂದೇಶದ ಪ್ರೋಟೀನನ್ನು ಹೊರಬಿಡುತ್ತವೆ. ಅದನ್ನು ಪಡೆದ ಟಿ-ಕೋಶಗಳು ಇಂಟರ್‌ಲ್ಯೂಕಿನ್-17 ಬಿಡುತ್ತವೆ. ಅದು ಕೆರಟಿನೊಸೈಟ್‌ಗಳಿಗೆ ‘ಹೆಚ್ಚಿರಿ, ಹೋರಾಡಿರಿ’ ಎನ್ನುತ್ತದೆ. ಕೆರಟಿನೊಸೈಟ್‌ಗಳು ಹೆಚ್ಚುತ್ತವೆ, ಸೋರಿಯಾಸಿನ್, ಡಿಫೆನ್ಸಿನ್‌ಗಳನ್ನು ಸುರಿಸುತ್ತವೆ, ಜೊತೆಗೆ ಇನ್ನಷ್ಟು ಬಿಳಿ ಕಣಗಳನ್ನು ಕೂಗಿ ಕರೆಯುತ್ತವೆ. ಬಂದವು ಮತ್ತೆ ಅದೇ ಆಜ್ಞೆ ಕೊಡುತ್ತವೆ. ಏತದ ಚಕ್ರದಂತೆ ಇದು ತಿರುಗುತ್ತಲೇ ಇರುತ್ತದೆ. ಮಚ್ಚೆ ಮಾದ ಮೇಲೂ ಕೆಲವು ಟಿ-ಕೋಶಗಳು ನೆನಪಿಟ್ಟುಕೊಂಡು ಅಲ್ಲೇ ತಂಗುವುದರಿಂದ ಅನೇಕರಿಗೆ ಹಳೆಯ ಜಾಗದಲ್ಲೇ ಮತ್ತೆ ಏಳುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲೇ ಜರ್ಮನ್ ವೈದ್ಯ ಹೈನ್ರಿಖ್ ಕೋಬ್ನರ್ ತನ್ನ ರೋಗಿಯೊಬ್ಬನಿಗೆ ಕುದುರೆ ಕಚ್ಚಿದ ಜಾಗದಲ್ಲಿ, ಹಚ್ಚೆ ಹಾಕಿಸಿದ ಜಾಗದಲ್ಲಿ ಮಚ್ಚೆಗಳೆದ್ದುದನ್ನು ಗಮನಿಸಿದ್ದ. ಕೆರೆಯಬೇಡಿ, ಹುರುಪೆ ಕೀಳಬೇಡಿ ಎಂದು ವೈದ್ಯರು ಹೇಳುವುದು ಇದಕ್ಕೇ. ಬಿಸಿನೀರಿನಲ್ಲಿ ದಿನವಿಡೀ ಕೈಯಾಡಿಸುವ ರೇಷ್ಮೆ ಕೆಲಸಗಾರರ ಬೆರಳು ಬಿರಿಯುವುದೆಲ್ಲ ಸೋರಿಯಾಸಿಸ್ ಅಲ್ಲ. ಆದರೆ ಸೋರಿಯಾಸಿಸ್ ಇರುವವರಿಗೆ ಅಂಥ ಕೆಲಸದಿಂದ ಕೈಯ ತೊಂದರೆ ಹೆಚ್ಚಬಹುದು.

ಮಕ್ಕಳ ವಿಷಯದಲ್ಲಿ ತಂದೆತಾಯಿಯರು ಒಂದನ್ನು ನೆನಪಿಡಬೇಕು. ಗಂಟಲು ನೋವು ಬಂದುಹೋದ ಎರಡು ಮೂರು ವಾರಗಳ ನಂತರ ಮೈತುಂಬ ಮಳೆಹನಿ ಸಿಡಿದಂತೆ ಸಣ್ಣ ಕೆಂಪು ಮಚ್ಚೆಗಳು ಎದ್ದರೆ ಅದು ಈ ರೋಗದ ಒಂದು ರೂಪವಿರಬಹುದು. ವೈದ್ಯರಿಗೆ ತೋರಿಸಿ. ಅನೇಕ ಮಕ್ಕಳಲ್ಲಿ ಇದು ಕೆಲವು ತಿಂಗಳಲ್ಲಿ ತಗ್ಗುತ್ತದೆ. ರೋಗಕ್ಕೆ ವಂಶದ ನಂಟಿದೆ ಎಂಬುದು ನಿಜ. ಆದರೆ ತಂದೆಗೋ ತಾಯಿಗೋ ಇದ್ದ ಮಾತ್ರಕ್ಕೆ ಮಗುವಿಗೆ ಬರಲೇಬೇಕೆಂದಿಲ್ಲ, ಬಹುಪಾಲು ಮಕ್ಕಳಿಗೆ ಬರುವುದಿಲ್ಲ.

ಅಂಟುವುದು ರೋಗವಲ್ಲ, ಮಾತು

1808ರಲ್ಲಿ ಲಂಡನ್ನಿನ ವೈದ್ಯ ರಾಬರ್ಟ್ ವಿಲನ್ ಈ ರೋಗವನ್ನು ಸ್ಪಷ್ಟವಾಗಿ ಬಣ್ಣಿಸಿದ. ಆದರೆ ಅದರ ಒಂದು ರೂಪಕ್ಕೆ ಕುಷ್ಠವನ್ನು ನೆನಪಿಸುವ ‘ಲೆಪ್ರಾ’ ಎಂಬ ಹೆಸರನ್ನೇ ಬಳಸಿದ. ಎರಡೂ ಬೇರೆ ಬೇರೆ ಎಂಬುದನ್ನು ವಿಯೆನ್ನಾದ ಹೆಬ್ರಾ 1841ರಲ್ಲಿ ಖಚಿತಪಡಿಸಿದ. ವೈದ್ಯರ ಪುಸ್ತಕದಲ್ಲಿ ಬೇರೆಯಾದದ್ದು ಜನರ ಮನಸ್ಸಿನಲ್ಲಿ ಇನ್ನೂ ಪೂರ್ತಿ ಬೇರೆಯಾಗಿಲ್ಲ. ಕುಷ್ಠದ ಮಚ್ಚೆಯಲ್ಲಿ ಸ್ಪರ್ಶ ತಿಳಿಯುವುದಿಲ್ಲ, ಸೋರಿಯಾಸಿಸ್ ಮಚ್ಚೆಯಲ್ಲಿ ತಿಳಿಯುತ್ತದೆ, ನವೆಯೂ ಇರುತ್ತದೆ. ಕುಷ್ಠ ಸೂಕ್ಷ್ಮಾಣುವಿನಿಂದ ಬರುವ ರೋಗ, ಈಗ ಸರ್ಕಾರಿ ಆಸ್ಪತ್ರೆಯ ಉಚಿತ ಔಷಧದಿಂದ ಪೂರ್ತಿ ವಾಸಿಯಾಗುತ್ತದೆ. ಸೋರಿಯಾಸಿಸ್‌ಗೆ ಸೂಕ್ಷ್ಮಾಣುವೇ ಇಲ್ಲ. ಮುಟ್ಟಿದರೆ, ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಬೆಂಚಿನಲ್ಲಿ ಕೂತರೆ, ಒಂದೇ ಬಾವಿಯಲ್ಲಿ ಈಜಿದರೆ ಅದು ಬರುವುದಿಲ್ಲ.

ಆದರೂ ತರಗತಿಯಲ್ಲಿ ಪಕ್ಕದವರು ಜಾಗ ಬದಲಿಸುತ್ತಾರೆ. ಕ್ಷೌರದ ಅಂಗಡಿಯಲ್ಲಿ ತಲೆ ನೋಡಿ ವಾಪಸು ಕಳಿಸುತ್ತಾರೆ. ಹುಡುಗಿಯಾದರೆ ಬೇಸಿಗೆಯಲ್ಲೂ ಉದ್ದ ತೋಳಿನ ಅಂಗಿ ತೊಡಿಸಿ, ಸಂಬಂಧ ಕುದುರುವವರೆಗೆ ಯಾರಿಗೂ ಹೇಳಬೇಡ ಎನ್ನುತ್ತಾರೆ. ಮೊಣಕೈ ಮೇಲಿನ ಮಚ್ಚೆಗಿಂತ ಈ ಮಾತುಗಳೇ ಮಗುವನ್ನು ಹೆಚ್ಚು ಕೊರೆಯುತ್ತವೆ. ವಿಶ್ವ ಆರೋಗ್ಯ ಸಭೆ 2014ರಲ್ಲಿ ಸೋರಿಯಾಸಿಸ್ ಕುರಿತೇ ಒಂದು ನಿರ್ಣಯ ಅಂಗೀಕರಿಸಿ, ಇದು ಅಂಟದ ರೋಗವೆಂದು ಸಾರಿ, ರೋಗಿಗಳನ್ನು ದೂರ ಇಡುವುದನ್ನು ತಡೆಯಬೇಕೆಂದು ಎಲ್ಲ ದೇಶಗಳಿಗೂ ಕರೆ ಕೊಟ್ಟದ್ದು ಇದೇ ಕಾರಣಕ್ಕೆ.

ಇನ್ನು ನಾಗದೋಷ, ಪೂರ್ವಜನ್ಮದ ಪಾಪ ಎಂಬ ವಿವರಣೆಗಳೂ ಇವೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಭೌತವಿಜ್ಞಾನಿ ಎಚ್. ನರಸಿಂಹಯ್ಯ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸುವ ಸಮಿತಿಯನ್ನೇ ರಚಿಸಿದ್ದರು. ಯಾವ ಹೇಳಿಕೆಯನ್ನೂ ಪ್ರಶ್ನಿಸದೆ ಒಪ್ಪಬಾರದೆಂದು ಅವರು ಬಾಳಿನುದ್ದಕ್ಕೂ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದರು. ‘ಎರಡೇ ವಾರದಲ್ಲಿ ಬುಡಸಹಿತ ವಾಸಿ’ ಎಂಬ ಜಾಹೀರಾತನ್ನು ಕಂಡಾಗಲೂ ಅದೇ ಪ್ರಶ್ನೆ ಕೇಳಬೇಕು: ಪುರಾವೆ ಎಲ್ಲಿ?

ಹತೋಟಿಯ ದಾರಿ

ಸೋರಿಯಾಸಿಸ್ ಅನ್ನು ಬೇರುಸಹಿತ ಕಿತ್ತುಹಾಕುವ ಔಷಧ ಇಂದಿಗೂ ಇಲ್ಲ. ಹತೋಟಿಯಲ್ಲಿಡುವ ಔಷಧಗಳು ಮಾತ್ರ ಹಲವಿವೆ. ಅವುಗಳಲ್ಲಿ ಒಂದರ ಹಿಂದೆ ಭಾರತೀಯರೊಬ್ಬರ ಹೆಸರಿದೆ. ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ನಡೆಸಿದ ಸಂಶೋಧನೆಯಿಂದ ಅಮಿನೊಪ್ಟೆರಿನ್ ಎಂಬ ಔಷಧ ಬಂತು. 1948ರಲ್ಲಿ ಮಕ್ಕಳ ರಕ್ತ ಕ್ಯಾನ್ಸರಿಗೆ ಅದನ್ನು ಬಳಸಿದ ವರದಿ ಹೊರಬಿತ್ತು. 1951ರಲ್ಲಿ ಕೀಲುವಾತದ ರೋಗಿಗಳಿಗೆ ಕೊಟ್ಟಾಗ ಸೋರಿಯಾಸಿಸ್ ತಿಳಿಯಾದದ್ದು ಕಂಡಿತು. ಅದರ ಸೋದರ ಔಷಧ ಮೆಥೊಟ್ರೆಕ್ಸೇಟ್ ಇಂದಿಗೂ ಅಗ್ಗದ, ಪರಿಣಾಮಕಾರಿ ಮಾತ್ರೆ.

ಇಲ್ಲೊಂದು ಎಚ್ಚರಿಕೆ. ಸೋರಿಯಾಸಿಸ್‌ಗೆ ಮೆಥೊಟ್ರೆಕ್ಸೇಟ್ ನುಂಗುವುದು ವಾರಕ್ಕೊಮ್ಮೆ, ದಿನಕ್ಕೊಮ್ಮೆ ಅಲ್ಲ. ತಪ್ಪು ತಿಳಿದು ದಿನವೂ ನುಂಗಿದರೆ ಪ್ರಾಣಕ್ಕೇ ಸಂಚಕಾರ. ಓದು ಬಾರದ ಹಿರಿಯರು ಮನೆಯಲ್ಲಿದ್ದರೆ, ಓದುವ ಮಕ್ಕಳು ವಾರದ ಯಾವ ದಿನ ಎಂಬುದನ್ನು ಮಾತ್ರೆಯ ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ ಬರೆದಿಡಲಿ. ನಡುನಡುವೆ ರಕ್ತ ಮತ್ತು ಯಕೃತ್ತಿನ ಪರೀಕ್ಷೆ ಬೇಕು. ಗರ್ಭಿಣಿಯರು ಇದನ್ನು ಮುಟ್ಟಲೇಬಾರದು.

ಎರಡನೆಯ ಎಚ್ಚರಿಕೆ ಸ್ಟಿರಾಯ್ಡ್ ಬಗ್ಗೆ. ವೈದ್ಯರ ಮೇಲ್ವಿಚಾರಣೆಯಲ್ಲಿ ಹಚ್ಚುವ ಸ್ಟಿರಾಯ್ಡ್ ಮುಲಾಮು ಒಳ್ಳೆಯ ಔಷಧವೇ. ಆದರೆ ಅಂಗಡಿಯಿಂದ ತಾವೇ ತಂದು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಸ್ಟಿರಾಯ್ಡ್ ಮಾತ್ರೆ, ಇಂಜೆಕ್ಷನ್ನುಗಳ ಅಪಾಯ ಇನ್ನೂ ಹೆಚ್ಚು. ಮೊದಲ ವಾರ ಮಚ್ಚೆ ಮಾಯವಾದಂತೆ ಕಂಡು, ಔಷಧ ಥಟ್ಟನೆ ನಿಲ್ಲಿಸಿದ ಮೇಲೆ ಮೈಯೆಲ್ಲ ಕೆಂಪೇರಿಯೋ ಕೀವುಗುಳ್ಳೆ ಎದ್ದೋ ಆಸ್ಪತ್ರೆ ಸೇರಬೇಕಾದೀತು. ನಾಟಿ ಪುಡಿ, ಮಾತ್ರೆಗಳಲ್ಲಿ ಸ್ಟಿರಾಯ್ಡ್ ಬೆರೆತಿದ್ದರೂ ಫಲ ಇದೇ.

ಪ್ರೋಟೀನುಗಳ ಓದಿನಿಂದಲೇ ಹುಟ್ಟಿದ ಹೊಸ ಔಷಧಗಳು ಬೇರೆ ರೀತಿಯವು. ಅವೂ ಪ್ರೋಟೀನುಗಳೇ. ಇಂಟರ್‌ಲ್ಯೂಕಿನ್-17ನ್ನು ಹಿಡಿದು ಕಟ್ಟಿಹಾಕುವ ಸೆಕುಕಿನುಮ್ಯಾಬ್‌ಗೆ 2015ರಲ್ಲಿ ಅಮೆರಿಕದ ಅನುಮತಿ ಸಿಕ್ಕಿತು. ಅದಕ್ಕೂ ಮೊದಲೇ, 2013ರಲ್ಲಿ, ಬೆಂಗಳೂರಿನ ಬಯೋಕಾನ್ ಕಂಪೆನಿ ಕ್ಯೂಬಾದ ವಿಜ್ಞಾನಿಗಳ ಜೊತೆ ಸೇರಿ ರೂಪಿಸಿದ ಇಟೊಲಿಜುಮ್ಯಾಬ್ ಎಂಬ ಸೋರಿಯಾಸಿಸ್ ಔಷಧವನ್ನು ಭಾರತದಲ್ಲಿ ಬಿಡುಗಡೆ ಮಾಡಿತು. ಅದು ಟಿ-ಕೋಶದ ಮೇಲಿನ ಸಿಡಿ-6 ಎಂಬ ಪ್ರೋಟೀನಿಗೆ ಅಂಟಿ ಅದರ ಅಬ್ಬರ ತಗ್ಗಿಸುತ್ತದೆ. ಇಂಥ ಇಂಜೆಕ್ಷನ್ನುಗಳ ಬೆಲೆ ಹೆಚ್ಚು. ಎಲ್ಲರಿಗೂ ಇವು ಬೇಕಾಗುವುದೂ ಇಲ್ಲ. ಅನೇಕರಿಗೆ ಮುಲಾಮು, ಎಣ್ಣೆಯ ಪಸೆ, ಕ್ರಮಬದ್ಧವಾಗಿ ಕೊಡುವ ಬೆಳಕಿನ ಚಿಕಿತ್ಸೆ, ಅಗ್ಗದ ಮಾತ್ರೆ ಇಷ್ಟೇ ಸಾಕು. ಬೀಡಿ ಸಿಗರೇಟು, ಮದ್ಯ ಬಿಟ್ಟರೆ ಔಷಧಕ್ಕೆ ಬಲ. ಕೀಲುಗಳು ಬೆಳಗಿನ ಹೊತ್ತು ಬಿಗಿದುಕೊಂಡು ನೋಯತೊಡಗಿದರೆ ತಡಮಾಡದೆ ಹೇಳಿ, ಈ ರೋಗ ಹಲವರಲ್ಲಿ ಕೀಲುಗಳನ್ನೂ ಹಿಡಿಯುತ್ತದೆ.

ಪಿಯುಸಿಯಲ್ಲಿ ಜೀವವಿಜ್ಞಾನ ಓದುವವರಿಗೆ ಪ್ರೋಟೀನಿನ ಪಾಠ ಪರೀಕ್ಷೆಯ ಐದು ಅಂಕದ ಪ್ರಶ್ನೆಯಾಗಿ ಕಾಣಬಹುದು. ಅದೇ ಪಾಠವನ್ನು ಮುಂದಕ್ಕೆ ಓದಿದವರು ಕಸದ ಹುರುಪೆಯಲ್ಲಿ ಕಾವಲಿನ ಪ್ರೋಟೀನು ಕಂಡರು, ಸುಳ್ಳು ಸುದ್ದಿ ಹಬ್ಬಿಸುವ ಸಂದೇಶವನ್ನು ಹಿಡಿದು ನಿಲ್ಲಿಸಿದರು. ಅಷ್ಟು ದೂರ ಹೋಗುವ ಮೊದಲು ಯಾರು ಬೇಕಾದರೂ ಮಾಡಬಹುದಾದ ಕೆಲಸವೊಂದಿದೆ. ಮೊಣಕೈಯಲ್ಲಿ ಹುರುಪೆಯೆದ್ದ ಗೆಳೆಯನೋ ಗೆಳತಿಯೋ ತರಗತಿಯಲ್ಲಿದ್ದರೆ, ನಾಳೆ ಅವರ ಪಕ್ಕದಲ್ಲೇ ಕುಳಿತುಕೊಳ್ಳಿ. ಅದಕ್ಕೆ ಔಷಧದ ಖರ್ಚಿಲ್ಲ.